ಕೂತರೂ ಕುಸಿಯದ ಕುಂಡ

ಗಾದಿರಾಯನ ಮನೆಯ ಮನಿ ಪ್ಲಾಂಟ್ ಬೆಳೆಯುತ್ತಿತ್ತು ಎಂದರೆ ಅದಕ್ಕೆ ಅವಮಾನ, ಅದು ಓಡುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಕಿಟಕಿಯ ಸರಳಿನ ಮೇಲೆ ಕೂತಿದ್ದ ಕುಡಿ, ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಕಪಾಟಿನ ನೆತ್ತಿ ಹತ್ತಿ ಕಾಲು ಇಳಿಬಿಟ್ಟುಕೊಂಡಿರುತ್ತಿತ್ತು. ಒಮ್ಮೆ ಗೋಡೆ ಗಡಿಯಾರದ ಮುಳ್ಳಿಗೆ ಸುತ್ತಿಕೊಂಡು ಇಡೀ ಮನೆಯನ್ನು ಮಧ್ಯಾಹ್ನದಲ್ಲೇ ನಿಲ್ಲಿಸಿಬಿಟ್ಟಿತ್ತು. ಮನೆಯವರು ಎರಡೆರಡು ಸಲ ಊಟ ಮಾಡಿ ಮಲಗಿದರು. ಗಾದಿರಾಯನ ಅತ್ತೆ ಕುರ್ಚಿಯಲ್ಲಿ ಒಂದು ನಿದ್ದೆ ತೆಗೆದು ಎದ್ದರೆ ಕೊರಳಿಗೆ ಹಸಿರು ಸರ, ಕಿವಿಗೆ ಹಸಿರು ಓಲೆ. ತನ್ನ ಮದುವೆಯಲ್ಲೂ ಇಷ್ಟು ಹಾಕಿರಲಿಲ್ಲ ಎಂದು ಆಕೆ ಸಂತೋಷದಿಂದಲೇ ದೂರುತ್ತಿದ್ದಳು.

ಈ ಮಹಾಬಳ್ಳಿ ಮನೆಗೆ ಬಂದದ್ದು ಒಂದೇ ಒಂದು ಎಲೆಯಾಗಿ, ಒದ್ದೆ ಹತ್ತಿಯಲ್ಲಿ ಸುತ್ತಿಕೊಂಡು. ಗಾದಿರಾಯನ ಹೆಂಡತಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. ರೋಗಿಗಳ ಸರದಿ ಕೂಗುವುದು, ಇಕ್ಕಳಗಳನ್ನು ಬಿಸಿನೀರಲ್ಲಿ ಕುದಿಸುವುದು, ಅಳುವ ಗಂಡಸರಿಗೆ ಧೈರ್ಯ ಹೇಳುವುದು ಅವಳ ಪಾಲಿನ ಕೆಲಸ. ಅಲ್ಲಿಯ ಕಾಯುವ ಕೋಣೆಯಲ್ಲಿದ್ದ ಗಿಡದ ಎಲೆಗಳನ್ನು ಹೆದರಿದ ರೋಗಿಗಳು ಒಂದೊಂದಾಗಿ ಕಿತ್ತು ನುಲಿದು ಬೋಳಿಸಿದ್ದರು. ಒಂದೆಲೆಯೊಡನೆ ಉಳಿದಿದ್ದ ಕೊನೆಯ ಗೆಣ್ಣನ್ನು ಅವಳು ಕತ್ತರಿಸಿ ತಂದು, ನೀರಿನ ಚೆಂಬಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟಳು. ಅಲ್ಲಿ ಪಟ್ಟ ಕಷ್ಟಕ್ಕೆಲ್ಲ ಇಲ್ಲಿ ಸೇಡು ತೀರಿಸಿಕೊಳ್ಳುವಂತೆ ಅದು ಬೆಳೆಯಿತು. ಅವಳೋ, ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅದರ ಎಲೆ ಒರೆಸುವಳು. ಗಂಡನ ಮುಖವನ್ನು ಯಾವತ್ತಾದರೂ ಅಷ್ಟು ಅಕ್ಕರೆಯಿಂದ ಒರೆಸಿದ್ದನ್ನು ಕಂಡವರಿಲ್ಲ.

ಇನ್ನು ಗಾದಿರಾಯ. ಹುಟ್ಟಿದಾಗ ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಕುರ್ಚಿ, ಸೋಫಾ, ದಿವಾನಗಳಿಗೆ ಗಾದಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವನು ಇನ್ನೂ ತಾಯಿಯ ಹೊಟ್ಟೆಯಲ್ಲೇ ಇದ್ದ, ಹೊರಗೆ ಬರಲು ಹಿಂಜರಿಯುತ್ತಿದ್ದ. ಗಾದಿರಾಯ ತೆಂಗಿನ ನಾರು ತುಂಬಿದ ಸೋಫಾದಲ್ಲಿ ಕೂತ ನೆಂಟರು ಏಳುವುದೇ ಇಲ್ಲ ಎಂದು ಹೆದರಿ ಕೆಲವು ಮನೆಯವರು ಅವನಿಗೆ ಕೆಲಸ ಕೊಡುತ್ತಿರಲಿಲ್ಲ. ಒಬ್ಬ ನ್ಯಾಯಾಧೀಶರಂತೂ ಅವನು ಕಟ್ಟಿದ ಕುರ್ಚಿಯಿಂದ ಏಳಲು ಮನಸ್ಸಾಗದೆ ಒಂದು ಸಣ್ಣ ಮೊಕದ್ದಮೆಯನ್ನು ವರ್ಷಗಟ್ಟಲೆ ಎಳೆದರಂತೆ. ಅತ್ತೆ ತನ್ನ ಮಗನ ಮನೆ ಬಿಟ್ಟು ಮಗಳ ಮನೆಯಲ್ಲಿ ನೆಲೆಸಿದ್ದಕ್ಕೂ ಬೇರೆ ಕಾರಣವೇನೂ ಇರಲಿಲ್ಲ: ಮಗನ ಮನೆಯಲ್ಲಿ ಇದ್ದದ್ದು ಸ್ಪಂಜಿನ ಕುರ್ಚಿ, ಅಳಿಯನ ಮನೆಯಲ್ಲಿ ನಾರಿನ ಕುರ್ಚಿ.

ಆ ಮಗನೇ, ಅಂದರೆ ಗಾದಿರಾಯನ ಭಾವಮೈದುನನೇ, ಅಂಗಡಿಯಲ್ಲಿ ಅವನ ಜೊತೆಗಾರ. ಎರಡು ಗಲ್ಲಿ ದಾಟಿದರೆ, ಸೈಕಲ್ ರಿಪೇರಿಯವನಿಗೂ ಬೀಗದ ಅಂಗಡಿಗೂ ನಡುವೆ ಅವರ ಅಂಗಡಿ. ಮುಂದೆ ಗಿರಾಕಿಗಳಿಗೆ ಒಂದು ಬೆಂಚು, ಹಿಂದೆ ಉದ್ದನೆಯ ಕೆಲಸದ ಮೇಜು. ಆ ಮೇಜಿನ ಬಲತುದಿ ಗಾದಿರಾಯನದು. ಅಲ್ಲಿ ಅವನು ಕತ್ತರಿ ಹಿಡಿದು ನಿಂತರೆ ಬೀದಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸಿ ನೋಡುತ್ತಿದ್ದವು.

ಈಗ ಆ ಬಲತುದಿ ತಿಂಗಳುಗಳಿಂದ ಖಾಲಿ. ಗಾದಿರಾಯನಿಗೆ ಕೆಮ್ಮು. ನಾರಿನ ಧೂಳು ಎದೆಗೆ ಇಳಿದಿದೆ, ಅಂಗಡಿಯ ಹೊಸ್ತಿಲು ತುಳಿದರೆ ಸಾಕು, ಉಸಿರು ಹಿಡಿದುಕೊಳ್ಳುತ್ತದೆ ಎಂದು ಅವನು ಮನೆಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಕೆಮ್ಮೆಂದರೆ ಅಂತಿಂಥ ಕೆಮ್ಮಲ್ಲ. ಪಕ್ಕದ ಮನೆಯವರು ಗುಡುಗೆಂದು ತಿಳಿದು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಹೆಂಡತಿ ಹಬೆ ಹಿಡಿಸಿದಳು, ಬಿಸಿನೀರು ಕುಡಿಸಿದಳು, ಎದೆಗೆ ಎಣ್ಣೆ ತಿಕ್ಕಿದಳು. ಡಾಕ್ಟರ ಬಳಿ ಹೋಗೋಣ ಎಂದಾಗಲೆಲ್ಲ ಕೆಮ್ಮು ಒಂದೆರಡು ದಿನ ಸೌಜನ್ಯದಿಂದ ಇಳಿಯುತ್ತಿತ್ತು, ಅಂಗಡಿಯ ಮಾತೆತ್ತಿದೊಡನೆ ಮತ್ತೆ ಏರುತ್ತಿತ್ತು.

ನಿಜ ಸಂಗತಿ ಗಾದಿರಾಯನಿಗೊಬ್ಬನಿಗೇ ಗೊತ್ತಿತ್ತು. ಅವನ ಎದೆ ಕಮ್ಮಾರನ ತಿದಿಯಷ್ಟು ಗಟ್ಟಿಯಾಗಿತ್ತು. ಕೆಟ್ಟಿದ್ದು ಬಲಗೈ. ಒಂದು ದಿನ, ಬೆಲೆಬಾಳುವ ಮಖಮಲ್ಲಿನ ಮೇಲೆ ಕತ್ತರಿ ಇಡುವಾಗ, ಕೈ ತಾನಾಗಿ ನಡುಗಿತು. ಅವನು ಅದನ್ನು ಗದರಿಸಿದ. ಅದು ಇನ್ನಷ್ಟು ನಡುಗಿತು. ಭಾವಮೈದುನ ತಿರುಗಿ ನೋಡುವಷ್ಟರಲ್ಲಿ ಗಾದಿರಾಯ ಕತ್ತರಿ ಕೆಳಗಿಟ್ಟು ಜೋರಾಗಿ ಕೆಮ್ಮಿದ. ಅಲ್ಲಿಂದ ಶುರುವಾದ ಕೆಮ್ಮು ಅದು. ಕೈ ನಡುಗುತ್ತದೆ ಎಂದು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು: ಭಾವಮೈದುನ ಒಳ್ಳೆಯ ಮನಸ್ಸಿನಿಂದಲೇ ಅವನನ್ನು ಮುಂದಿನ ಬೆಂಚಿನ ಮೇಲೆ ಕೂರಿಸುತ್ತಾನೆ, ಗಿರಾಕಿಗಳೊಡನೆ ಮಳೆ ಬಿಸಿಲಿನ ಮಾತಾಡಲು ಬಿಡುತ್ತಾನೆ, ಮೇಜಿನ ಬಲತುದಿ ಮತ್ತೆಂದೂ ಅವನದಾಗುವುದಿಲ್ಲ. ಕೆಮ್ಮಾದರೋ ಹಾಗಲ್ಲ, ಕೆಮ್ಮಿದವನು ಎಂದಾದರೂ ವಾಸಿಯಾಗಿ ಮರಳಬಹುದು. ಹಾಗೆಂದು ಲೆಕ್ಕ ಹಾಕಿ ಅವನು ಬಲಗೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು, ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದು ಕಾಲ ತಳ್ಳುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಈ ನಾಟಕ ಬಳ್ಳಿಯಿಂದ ಕೆಟ್ಟಿತು.

ಕುಂಡ ಒಡೆಯಿತು. ಒಳಗೆ ಜಾಗ ಸಾಲದೆ ಬೇರುಗಳು ಸುತ್ತಿ ಸುತ್ತಿ, ಕೊನೆಗೆ ಪ್ಲಾಸ್ಟಿಕ್ಕನ್ನೇ ಸೀಳಿ ಹೊರಬಂದವು. ಅದರಲ್ಲೊಂದು ಬೇರು ನೆಲದ ಮೇಲೆ ಹರಿದು ಅತ್ತೆ ಕಾಲು ನೆನೆಸುವ ಬೋಗುಣಿಯ ತನಕ ಬಂದು ನೀರು ಕುಡಿಯುತ್ತಿತ್ತು. ತನ್ನ ಕಾಲ ಕೆಳಗೇನೋ ಗುಟುಕರಿಸುವ ಸದ್ದು ಕೇಳಿತೆಂದು ಅತ್ತೆ ಆಣೆ ಮಾಡಿ ಹೇಳಿದಳು. ಹೆಂಡತಿ ದೊಡ್ಡದೊಂದು ಮಣ್ಣಿನ ಕುಂಡ ತಂದು ಹಿತ್ತಲ ಕಟ್ಟೆಯ ಮೇಲಿಟ್ಟು, ಹೇಗೂ ಮನೆಯಲ್ಲೇ ಇರುತ್ತೀರಿ, ಹಸಿಮಣ್ಣಿಗೆ ಧೂಳೂ ಇರುವುದಿಲ್ಲ, ಇವತ್ತು ಬಳ್ಳಿಯನ್ನು ಇದಕ್ಕೆ ಬದಲಾಯಿಸಿ ಎಂದು ಗಂಡನಿಗೆ ಒಪ್ಪಿಸಿ ಕೆಲಸಕ್ಕೆ ಹೋದಳು.

ಗಾದಿರಾಯ ಕುಂಡವನ್ನು ಸುತ್ತಿ ನೋಡಿದ. ಗಿಡದ ವಿಷಯ ಅವನಿಗೆ ಏನೂ ತಿಳಿಯದು. ಆದರೆ ಒಂದು ಖಾಲಿ ಪಾತ್ರೆಯಿದೆ, ಅದರೊಳಗೆ ಏನನ್ನೋ ತುಂಬಬೇಕಾಗಿದೆ ಎಂದರೆ, ತುಂಬುವ ವಿದ್ಯೆಯಲ್ಲಿ ಅವನಿಗೆ ಅವನೇ ಗುರು. ತುಂಬುವವನಿಗೆ ಇರುವ ಮೊದಲ ಪಾಠ: ಎಲ್ಲೂ ಪೊಳ್ಳು ಉಳಿಯಬಾರದು. ಮೂಲೆಗೆ ಮೊದಲು, ನಡುವಿಗೆ ಕೊನೆಗೆ. ತುಂಬಿದ ಮೇಲೆ ಮುಷ್ಟಿಯಿಂದ ಗುದ್ದಿ ನೋಡಬೇಕು. ಮುಷ್ಟಿ ಹಿಂದಕ್ಕೆ ಚಿಮ್ಮಬೇಕು. ಅವನು ಹಳೆಯ ಕುಂಡವನ್ನು ಪೂರ್ತಿ ಒಡೆದು, ಬೇರಿನ ಗಡ್ಡೆಯನ್ನು ಇಡಿಯಾಗಿ ಹೊಸದರೊಳಗೆ ಇಳಿಸಿ, ಸುತ್ತ ಹಿತ್ತಲ ಜೇಡಿಮಣ್ಣನ್ನು ತುಂಬಿ ತುಂಬಿ ಗುದ್ದಿದ. ಲಟ್ಟಣಿಗೆಯ ತುದಿಯಿಂದ ಅಂಚಿನ ಸಂದುಗಳನ್ನೆಲ್ಲ ಜಡಿದ. ಒಂದು ಇರುವೆ ಉಸಿರೆಳೆಯುವಷ್ಟು ಜಾಗ ಕೂಡ ಒಳಗೆ ಉಳಿಯಲಿಲ್ಲ. ಕೊನೆಗೆ, ಸುಳ್ಳೆನಿಸಬಹುದು, ಬಳ್ಳಿಯನ್ನು ಒತ್ತಟ್ಟಿಗೆ ಸರಿಸಿ ಕುಂಡದ ಬಾಯಿಯ ಮೇಲೆ ತಾನೇ ಒಮ್ಮೆ ಕೂತು ನೋಡಿದ. ಕೂದಲೆಳೆಯಷ್ಟೂ ಕುಸಿಯಲಿಲ್ಲ.

ಆಗಲೇ ಅವನ ಗಮನಕ್ಕೆ ಬಂದದ್ದು: ಗುದ್ದುವಾಗ, ಜಡಿಯುವಾಗ, ಒತ್ತುವಾಗ ಬಲಗೈ ನಡುಗಿರಲೇ ಇಲ್ಲ. ಕಬ್ಬಿಣದ ಕಂಬದಂತೆ ಇತ್ತು. ಗಾದಿರಾಯ ಮುಷ್ಟಿಯನ್ನು ಮುಖದ ಮುಂದೆ ಹಿಡಿದು ನೋಡಿದ. ಬಿಗಿಯಾಗಿ ಮಡಿಸಿದ ಬೆರಳುಗಳು ಸುಮ್ಮನಿದ್ದವು. ಅವನು ಮುಷ್ಟಿಯನ್ನು ಬಿಚ್ಚಲಿಲ್ಲ. ಬಿಚ್ಚಲು ಮನಸ್ಸಾಗಲಿಲ್ಲ. ವಾಸಿಯಾಯಿತು, ನಾಳೆಯೋ ನಾಡಿದ್ದೋ ಕೆಮ್ಮಿಗೆ ಒಂದು ಒಳ್ಳೆಯ ಅಂತ್ಯ ಹೇಳಿ ಮೇಜಿನ ಬಲತುದಿಗೆ ಮರಳುತ್ತೇನೆ ಎಂದುಕೊಂಡು, ಮುಷ್ಟಿ ಹಾಗೇ ಹಿಡಿದು ಮನೆಯೆಲ್ಲ ಓಡಾಡಿದ. ಅತ್ತೆಗೆ ಅಳಿಯ ಯಾರಿಗೋ ಹೊಡೆಯಲು ಹೊರಟ ಹಾಗೆ ಕಂಡಿತು.

ಸಂಜೆ ಹೆಂಡತಿ ಬಂದು, ಕುಂಡವನ್ನು ಒಳಗೆ ಹಳೆಯ ಜಾಗದಲ್ಲೇ ಇರಿಸಿ ನೀರು ಹಾಕಿದಳು. ನೀರು ಮೇಲೆಯೇ ನಿಂತಿತು. ರಾತ್ರಿಗೂ ನಿಂತಿತ್ತು, ಬೆಳಗಿಗೂ ನಿಂತಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಕೊಕ್ಕರೆಗಳು ಬಂದು ಇಳಿಯುತ್ತಿದ್ದವು. ಮೂರನೆಯ ದಿನ ಬಳ್ಳಿ ಓಡುವುದನ್ನು ನಿಲ್ಲಿಸಿತು. ವಾರ ತುಂಬುವಷ್ಟರಲ್ಲಿ ಬುಡದ ಎಲೆಗಳು ಹಳದಿಯಾದವು, ಕಪಾಟಿನ ಮೇಲಿನ ಕುಡಿ ಕತ್ತು ಕೆಳಗೆ ಹಾಕಿತು, ಗಡಿಯಾರ ಯಾರ ತಕರಾರೂ ಇಲ್ಲದೆ ನಡೆಯತೊಡಗಿತು. ಮನೆ ಬಿಕೋ ಎಂದಿತು. ಹೆಂಡತಿ ಮಣ್ಣಿಗೆ ಬೆರಳು ಚುಚ್ಚಲು ಹೋದಳು. ಬೆರಳು ಇಳಿಯಲಿಲ್ಲ, ಉಗುರು ಮುರಿಯಿತು. ಅವಳು ಗಂಡನ ಕಡೆ ತಿರುಗಿದಳು.

"ರೀ, ಇದರ ಮೇಲೆ ಯಾರು ಕೂರ್ಬೇಕಿತ್ತು?"

ಗಾದಿರಾಯನ ತುಂಬುವಿಕೆಯಲ್ಲಿ ತಪ್ಪು ಹಿಡಿದವರು ಜೀವಮಾನದಲ್ಲಿ ಇವಳೇ ಮೊದಲು. ಅವನು ಕೆಮ್ಮಿದ.

ಅದಕ್ಕಿಂತ ಹೆಚ್ಚಿಗೆ ಅವನನ್ನು ಕುಗ್ಗಿಸಿದ್ದು ಇನ್ನೊಂದು. ಮುಷ್ಟಿ ಬಿಚ್ಚಿದ ಕ್ಷಣವೇ ಕೈ ಹಳೆಯ ಚಾಳಿಗೆ ಮರಳಿತ್ತು. ಗಾಳಿಯಲ್ಲಿ ಹಿಡಿದರೆ ನಡುಕ, ಏನನ್ನಾದರೂ ಒತ್ತಿ ಹಿಡಿದರೆ ಇಲ್ಲ. ಇದೆಂಥ ರೋಗ ಎಂದು ಕೇಳಲು ಯಾರೂ ಇರಲಿಲ್ಲ, ಕೇಳುವ ದಾರಿಯನ್ನೆಲ್ಲ ಅವನೇ ಕೆಮ್ಮಿ ಕೆಮ್ಮಿ ಮುಚ್ಚಿಕೊಂಡಿದ್ದ.

ರಜೆಯ ದಿನ ಹೆಂಡತಿ ಸೆರಗು ಬಿಗಿದಳು. ಮಣ್ಣನ್ನೆಲ್ಲ ತೆಗೆದು ಮತ್ತೆ ನೆಡಬೇಕು, ಬಳ್ಳಿ ಹತ್ತಲು ನಡುವೆ ನಾರು ಸುತ್ತಿದ ಒಂದು ಕೋಲು ನಿಲ್ಲಿಸಬೇಕು ಎಂದು ತೀರ್ಮಾನಿಸಿದಳು. ಬಳ್ಳಿಯ ಉದ್ದ ಈಗ ಒಂದು ಬೀದಿಯನ್ನು ಒಂದು ಸುತ್ತು ಸುತ್ತಿ ಗಂಟು ಹಾಕುವಷ್ಟಿತ್ತಾದ್ದರಿಂದ ಇಬ್ಬರಿಂದ ಆಗದು ಎಂದು ತಮ್ಮನಿಗೆ ಹೇಳಿಕಳಿಸಿದಳು. ನಾರನ್ನೂ ನಾರಿನ ಪುಡಿಯನ್ನೂ ಅಂಗಡಿಯಿಂದಲೇ ತಾ ಎಂದಳು.

ಭಾವಮೈದುನ ಬಂದ. ಗಾದಿರಾಯ ಕಿಟಕಿಯಿಂದ ನೋಡುತ್ತಿದ್ದ. ಬಂದವನು ಚೀಲಗಳನ್ನು ಗೇಟಿನ ಹೊರಗಿಟ್ಟು, ಬೀದಿಯಲ್ಲೇ ನಿಂತು ಅಂಗಿಯನ್ನು ಪಟಪಟನೆ ಕೊಡವಿಕೊಂಡ. ತಲೆ ಕೊಡವಿಕೊಂಡ. ಕಾಲು ಕೊಡವಿಕೊಂಡ. ಮನೆಯಿಂದ ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡೇ ಬಂದಿದ್ದ, ಕೂದಲು ಇನ್ನೂ ಒದ್ದೆಯಿತ್ತು. ಆದರೂ ಭಾವನ ಎದೆಗೆ ತನ್ನ ಮೈಯ ಒಂದು ಕಣ ಧೂಳೂ ತಾಕಬಾರದೆಂದು ಎರಡೆರಡು ಸಲ ಕೊಡವಿಕೊಂಡು, ಒಳಗೆ ಬಂದ ಮೇಲೂ ಬಾಗಿಲ ಬಳಿಯೇ ನಿಂತು, ಆರೋಗ್ಯ ಹೇಗಿದೆ ಭಾವ ಎಂದು ಮೆಲ್ಲಗೆ ಕೇಳಿದ. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಒಬ್ಬನೇ ಎರಡಾಳಿನ ಕೆಲಸ ಎಳೆಯುತ್ತಿದ್ದ. ಹಳೆಯ ಪೈಲ್ವಾನರೊಬ್ಬರ ದೊಡ್ಡ ಕುರ್ಚಿ ಅಂಗಡಿಯ ನಡುವೆ ಎಲುಬು ಬಿಟ್ಟುಕೊಂಡು ನಿಂತಿದೆ, ಸ್ಪ್ರಿಂಗು ಕಟ್ಟುವುದು ಒಬ್ಬನಿಂದ ಆಗುತ್ತಿಲ್ಲ, ಹುರಿ ಎಳೆದು ಗಂಟು ಹಾಕುವಷ್ಟರಲ್ಲಿ ಸಡಿಲವಾಗುತ್ತದೆ ಎಂದು ಅಕ್ಕನಿಗೆ ಹೇಳುವಾಗಲೂ ಭಾವನಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದ. ಗಾದಿರಾಯನಿಗೆ ಕೇಳಿಸಿತು. ಅವನಿಗೆ ಕೆಮ್ಮಲೂ ಆಗಲಿಲ್ಲ.

ಹಿತ್ತಲಲ್ಲಿ ಕೆಲಸ ಶುರುವಾಯಿತು. ಅತ್ತೆಯ ಕುರ್ಚಿಯನ್ನೂ ಅಲ್ಲಿಗೇ ಸಾಗಿಸಲಾಯಿತು. ಮೇಲ್ವಿಚಾರಣೆ ಇಲ್ಲದೆ ಆ ಮನೆಯಲ್ಲಿ ಹಾಲೂ ಕಾಯುತ್ತಿರಲಿಲ್ಲ. ಕುಂಡವನ್ನು ಬೋರಲು ಹಾಕಿ ತಟ್ಟಿದರೆ ಏನೂ ಬೀಳಲಿಲ್ಲ. ಕುಲುಕಿದರು, ಬೇಡಿಕೊಂಡರು. ಕೊನೆಗೆ ಇಡೀ ಕುಂಡವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೆನೆಸಿದ ಮೇಲೆ ಒಂದು ಗಡ್ಡೆ ಹೊರಬಿತ್ತು. ಅದನ್ನು ಕೋಟೆಯ ಗೋಡೆಗೆ ಇಟ್ಟಿದ್ದರೆ ಫಿರಂಗಿಗೂ ಜಗ್ಗುತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು, ಹಲ್ಲಿನ ಸಂದಿನಿಂದ ಕಸ ತೆಗೆಯುವವಳ ಹಾಗೆ, ಕಡ್ಡಿಯಿಂದ ಒಂದೊಂದೇ ಬೇರನ್ನು ಬಿಡಿಸಿದಳು. ಕೊಳೆತವನ್ನು ಕತ್ತರಿಸಿದಳು. ಒಳಗಿನವು ಇನ್ನೂ ಬೆಳ್ಳಗೆ ಗಟ್ಟಿಯಾಗಿದ್ದವು. ಅವನ್ನು ಕಂಡು ಅವಳ ಮುಖ ಸಡಿಲವಾಯಿತು.

ಉದುರಿಸಲು ಜರಡಿಯಿಲ್ಲ, ಪೇಟೆಗೆ ಹೋಗಿ ಒಂದು ಕೊಳ್ಳುತ್ತೇನೆ ಎನ್ನುತ್ತಲೇ ಭಾವಮೈದುನ ಮಣ್ಣು ಕಲಸಿದ: ಒಂದು ಪಾಲು ಮಣ್ಣು, ಒಂದು ಪಾಲು ಮರಳು, ಎಲೆಗೊಬ್ಬರ, ಒಣ ನಾರಿನ ಪುಡಿ. ಆ ಪುಡಿಯನ್ನು ಚೀಲದಿಂದ ಸುರಿದದ್ದೇ ತಡ, ಒಂದು ಧೂಳಿನ ಮೋಡ ಎದ್ದು ಸೂರ್ಯನನ್ನು ಮುಚ್ಚಿತು. ಭಾವಮೈದುನ ಕೆಮ್ಮಿದ. ಹೆಂಡತಿ ಸೀನಿದಳು. ಅತ್ತೆ ಕೆಮ್ಮಿ ಸೀನಿ ಕಣ್ಣೊರೆಸಿಕೊಂಡಳು. ಕಾಂಪೌಂಡಿನ ಆಚೆ ಹೋಗುತ್ತಿದ್ದ ಯಾರೋ ಕೂಡ ಕೆಮ್ಮಿದರು. ಮೋಡದ ನಟ್ಟನಡುವೆ ಗಾದಿರಾಯನೊಬ್ಬ, ಬೇರಿನ ಕಡೆಗೇ ಕಣ್ಣು ನೆಟ್ಟು, ಮಫ್ಲರನ್ನು ಎಲ್ಲೋ ಬಿಸಾಕಿ, ಬೆಟ್ಟದ ಗಾಳಿ ಕುಡಿಯುವವನಂತೆ ಹಾಯಾಗಿ ಉಸಿರಾಡುತ್ತ ಕೂತಿದ್ದ.

ಮೋಡ ಇಳಿದ ಮೇಲೆ ಮೊದಲು ಮಾತಾಡಿದವಳು ಅತ್ತೆ.

"ಅಳಿಯಂದ್ರೇ, ನಮಗೆಲ್ಲ ಕೆಮ್ಮು ಹಂಚಿ ನೀವು ಸುಮ್ಮನೆ ಕೂತಿದ್ದೀರಲ್ಲ?"

ಗಾದಿರಾಯ ತಕ್ಷಣ ಕೆಮ್ಮಿದ. ಆದರೆ ಹೊತ್ತು ಮೀರಿತ್ತು, ಮನಸ್ಸೂ ಇರಲಿಲ್ಲ. ಬೆಕ್ಕಿನ ಮರಿಗೂ ನಾಚಿಕೆಯಾಗುವಂಥ ಒಂದು ಕೆಮ್ಮು ಬಂತು.

ಹೆಂಡತಿ ಬೇರಿನ ಗಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿ ಕುಂಡದ ನಡುವೆ ಹಿಡಿದಿದ್ದಳು, ಬಿಡುವಂತಿರಲಿಲ್ಲ. ಭಾವಮೈದುನ ಸ್ಟೂಲಿನ ಮೇಲೆ ನಿಂತು ಬಳ್ಳಿಯನ್ನು ಹೆಗಲಿಗೆ ಹಾಕಿಕೊಂಡು ಎತ್ತಿ ಹಿಡಿದಿದ್ದ, ಅವನೂ ಅಲ್ಲಾಡುವಂತಿರಲಿಲ್ಲ. ಅವಳು ಕೂತಲ್ಲಿಂದಲೇ ಗಂಡನನ್ನು ನೋಡಿದಳು. ಎದೆಗೆ ಏನೂ ಆಗಿಲ್ಲ, ಅಲ್ಲವೇ ಎಂದು ಕೇಳಿದಳು. ಅವನು ಬಲಗೈಯನ್ನು ಶಾಲಿನೊಳಗೆ ಇನ್ನಷ್ಟು ಒಳಕ್ಕೆ ಎಳೆದುಕೊಂಡ. ಹಾಗಾದರೆ ಇಷ್ಟು ದಿನ ಅಂಗಡಿಗೆ ಹೋಗದೆ ಇದ್ದದ್ದು ಯಾತಕ್ಕೆ, ತನ್ನ ತಮ್ಮನ ಮೇಲಿನ ಸಿಟ್ಟಿಗೋ ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಸ್ಟೂಲಿನ ಮೇಲಿಂದ, ಎಲೆಗಳ ನಡುವಿನಿಂದ, ಭಾವಮೈದುನ ಕೇಳಿದ: "ನನ್ನಿಂದ ಏನಾದ್ರೂ ತಪ್ಪಾಯ್ತಾ ಭಾವ? ಸ್ಪಂಜಿನ ಕೆಲಸ ಒಪ್ಕೊಂಡಿದ್ದಕ್ಕಾ? ಅದನ್ನ ಬಿಟ್ಬಿಡ್ತೀನಿ."

ಬೀದಿಯಲ್ಲಿ ನಿಂತು ಅಂಗಿ ಕೊಡವಿಕೊಂಡವನು ಕೇಳಿದ ಮಾತು ಅದು. ಗಾದಿರಾಯನ ಎದೆಯಲ್ಲಿ ಇಷ್ಟು ತಿಂಗಳೂ ಬಾರದಿದ್ದ ನೋವು ಈಗ ನಿಜಕ್ಕೂ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬಲಗೈಯನ್ನು ಶಾಲಿನಿಂದ ಹೊರತೆಗೆದು, ಕಲಸಿದ ಮಣ್ಣಿನ ರಾಶಿಗೆ ಇಳಿಸಿ, ಅಂಗೈ ತುಂಬ ಎತ್ತಿ, ಕುಂಡದ ಮೇಲೆ, ಎಲ್ಲರ ಕಣ್ಣೆದುರಿಗೆ ಹಿಡಿದ.

ಕೈ ನಡುಗಿತು. ಹಿಂದೆಂದೂ ಇಲ್ಲದಷ್ಟು ನಡುಗಿತು. ಇಷ್ಟು ದಿನ ಬಚ್ಚಿಟ್ಟದ್ದಕ್ಕೆಲ್ಲ ಬಡ್ಡಿ ಸೇರಿಸಿ ನಡುಗಿತು. ಹಿತ್ತಲು ನಡುಗಿತು, ತೊಟ್ಟಿಯ ನೀರಲ್ಲಿ ಅಲೆಗಳೆದ್ದವು ಎಂದರೂ ತಪ್ಪಿಲ್ಲ. ಬೆರಳ ಸಂದುಗಳಿಂದ ಮಣ್ಣು ಉದುರಿತು. ಮುದ್ದೆಯಾಗಿ ಬೀಳಲಿಲ್ಲ. ಸಣ್ಣಗೆ, ಹಗುರಾಗಿ, ಒಂದೇ ಸಮನೆ, ಬೇರುಗಳ ಎಳೆ ಎಳೆಯ ನಡುವೆ ಇಳಿಯಿತು. ಬೇರು ಬಾಗಲಿಲ್ಲ, ಎಲ್ಲೂ ಗಟ್ಟಿಯಾಗಲಿಲ್ಲ.

"ಮಖಮಲ್ ಕತ್ತರಿಸ್ತಿದ್ದೆ," ಎಂದ ಗಾದಿರಾಯ, ಕೈಯನ್ನೇ ನೋಡುತ್ತ. "ಆವತ್ತಿಂದ ಹೀಗೆ. ಇದನ್ನ ಇಟ್ಕೊಂಡು ಮೇಜಿನ ಹತ್ರ ಹೇಗೆ ಬರ್ಲಿ? ನೀನು ನನ್ನನ್ನ ಬೆಂಚಿನ ಮೇಲೆ ಕೂರಿಸ್ತೀಯ."

ಕೈ ಖಾಲಿಯಾಯಿತು. ಅವನು ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದ.

"ನಿಲ್ಲಿಸ್ಬೇಡಿ," ಎಂದಳು ಹೆಂಡತಿ. "ಈ ಕಡೆ ಇನ್ನೂ ಖಾಲಿ ಇದೆ."

ಅವನು ಮತ್ತೊಮ್ಮೆ ಅಂಗೈ ತುಂಬ ತೆಗೆದ. ಅವಳು ಗಡ್ಡೆಯನ್ನು ತುಸು ತಿರುಗಿಸಿ ಹಿಡಿದಳು, ಅವನು ಉದುರಿಸಿದ. ಅವಳ ಕಣ್ಣು ತುಂಬಿತ್ತು, ಆದರೆ ಕೈ ಬಿಟ್ಟು ಒರೆಸಿಕೊಳ್ಳುವ ಹಾಗಿರಲಿಲ್ಲವಾದ್ದರಿಂದ ಅದು ಹಾಗೇ ಇಳಿದು ಕುಂಡದೊಳಗೆ ಬಿತ್ತು. ಅತ್ತೆ ಬಹಳ ಹೊತ್ತು ನೋಡಿ, ಕುಂಡದ ಸುತ್ತ ಒಂದೇ ಮಟ್ಟಕ್ಕೆ ಏರುತ್ತಿದ್ದ ಮಣ್ಣನ್ನು ಊರುಗೋಲಿನಿಂದ ತೋರಿಸಿ, "ಮಗಾ, ಆ ಜರಡಿ ಕೊಳ್ಳೋಕೆ ಪೇಟೆಗೆ ಹೋಗ್ತೀನಿ ಅಂದಿದ್ಯಲ್ಲ, ಬೇಡ ಬಿಡು," ಎಂದಳು. ಮೊದಲು ನಕ್ಕವನು ಭಾವಮೈದುನ. ಸ್ಟೂಲು ಅಲ್ಲಾಡಿತು. ಬಳ್ಳಿಯ ಸಮೇತ ಅವನು ಬೀಳುವುದೊಂದು ಬಾಕಿ.

ಮಣ್ಣು ತುಂಬಿತು. ಗಾದಿರಾಯ ಹಳೆಯ ಅಭ್ಯಾಸದಂತೆ ಮುಷ್ಟಿ ಎತ್ತಿದ್ದನ್ನು ಹೆಂಡತಿ ನೋಡಿದಳು, ಅವನು ಇಳಿಸಿದ.

ಆಮೇಲೆ ಕೋಲಿನ ಕೆಲಸ. ಕೋಲಿಗೆ ನಾರು ಹೊದಿಸಿ ಮೇಲಿಂದ ಹುರಿ ಸುತ್ತಿ ಬಿಗಿಯಬೇಕು. ಬಳ್ಳಿಯ ಗಾಳಿಬೇರುಗಳು ಹಿಡಿದು ಹತ್ತುವಂತೆ. ಇದು ಅಂಗಡಿಯವರ ಕೆಲಸವಾದ್ದರಿಂದ ಹೆಂಡತಿ ಸರಿದು ಕೂತಳು. ಭಾವಮೈದುನ ಹುರಿಯ ಒಂದು ತುದಿ ಹಿಡಿದ, ಗಾದಿರಾಯ ಇನ್ನೊಂದನ್ನು ಬಲಗೈಗೆ ಸುತ್ತಿಕೊಂಡು ಎಳೆದ. ಎಳೆದೊಡನೆ ಕೈ ನಿಂತಿತು. ಹುರಿ ತಂತಿಯಂತೆ ಬಿಗಿಯಿತು. ಮೀಟಿದ್ದರೆ ರಾಗ ಬರುತ್ತಿತ್ತು. ಭಾವಮೈದುನ ಹುರಿಯನ್ನು ನೋಡಿದ, ಭಾವನ ಮಣಿಕಟ್ಟನ್ನು ನೋಡಿದ. ಗಾದಿರಾಯನೂ ನೋಡಿದ.

"ಸಡಿಲ ಬಿಡಿ," ಎಂದ ಭಾವಮೈದುನ. ಬಿಟ್ಟರೆ ನಡುಕ. "ಎಳೀರಿ." ಎಳೆದರೆ ಇಲ್ಲ.

"ಗಂಟು ನೀನು ಹಾಕು," ಎಂದ ಗಾದಿರಾಯ ನಿಧಾನವಾಗಿ. "ನನ್ನ ಬೆರಳು ಗಂಟಿಗೆ ಬರಲ್ಲ ಈಗ."

ಭಾವಮೈದುನ ಗಂಟು ಹಾಕಿದ. ಇನ್ನೊಂದು ಸುತ್ತು, ಇನ್ನೊಂದು ಗಂಟು. ಮೂರನೆಯ ಗಂಟಿನ ಹೊತ್ತಿಗೆ ಇಬ್ಬರಿಗೂ ಪೈಲ್ವಾನರ ಕುರ್ಚಿಯೇ ನೆನಪಾಗಿತ್ತು, ಆದರೆ ಯಾರೂ ಬಾಯಿಬಿಡಲಿಲ್ಲ. ಒಳ್ಳೆಯ ಸುದ್ದಿಯನ್ನು ಅವಸರದಲ್ಲಿ ಆಡಿದರೆ ಅದು ಬೆದರಿ ಓಡಿಹೋದೀತು ಎನ್ನುವಂತೆ.

ಹೆಂಡತಿ ಅವಸರ ಮಾಡಿದಳು. ಮರುದಿನವೇ ಗಂಡನನ್ನು ಎಳೆದುಕೊಂಡು ಹೋದಳು, ಹಲ್ಲಿನ ಡಾಕ್ಟರು ಹೇಳಿದ ಇನ್ನೊಬ್ಬ ಡಾಕ್ಟರ ಬಳಿಗೆ. ಅವರು ಗಾದಿರಾಯನ ಕೈಯಲ್ಲಿ ಸುರುಳಿ ಗೀಟು ಎಳೆಸಿದರು, ನೀರಿನ ಲೋಟ ಹಿಡಿಸಿದರು, ಮೂಗು ಮುಟ್ಟಿಸಿದರು. ಇದು ಜೀವ ತೆಗೆಯುವಂಥದ್ದಲ್ಲ, ಪೂರ್ತಿ ಬಿಟ್ಟುಹೋಗುವಂಥದ್ದೂ ಅಲ್ಲ, ಮಾತ್ರೆಯಿಂದ ಅಷ್ಟಿಷ್ಟು ಇಳಿಯಬಹುದು, ಕೈಯನ್ನು ಸುಮ್ಮನೆ ಕೂರಿಸಬೇಡಿ ಎಂದರು. ಕೂರಿಸುವ ವಿಷಯದಲ್ಲಿ ತನಗಿಂತ ಬಲ್ಲವರಿಲ್ಲ ಎಂದು ಗಾದಿರಾಯ ಅವರಿಗೆ ಹೇಳಿ, ಅವರ ಕುರ್ಚಿಯ ಸ್ಪಂಜು ಕುಸಿದಿರುವುದನ್ನೂ ತೋರಿಸಿಕೊಟ್ಟು ಬಂದ. ದಾರಿಯುದ್ದಕ್ಕೂ ಹೆಂಡತಿ ಅವನ ಬಲಗೈಯನ್ನು ಬಿಡಲಿಲ್ಲ. ಅದು ಒಂದಿಷ್ಟೂ ನಡುಗಲಿಲ್ಲ. ಅವಳ ಹಿಡಿತ ಅಷ್ಟು ಬಿಗಿಯಾಗಿತ್ತು.

ಅದರ ಮಾರನೆಯ ಬೆಳಿಗ್ಗೆ ಗಾದಿರಾಯ ಎರಡು ಗಲ್ಲಿ ದಾಟಿದ. ಅವನನ್ನು ಕಂಡು ಸೈಕಲ್ ರಿಪೇರಿಯವನು ಪಂಪು ಕೈಯಲ್ಲಿ ಹಿಡಿದು ನಿಂತೇ ಇದ್ದ, ಬೀಗದ ಅಂಗಡಿಯವನು ಯಾರದೋ ಬೀಗಕ್ಕೆ ಇನ್ನಾರದೋ ಕೀಲಿ ಕೊಟ್ಟು ಕಳಿಸಿದ. ಪೈಲ್ವಾನರ ಕುರ್ಚಿ ಅಂಗಡಿಯ ನಡುವೆ ಬರೀ ಚೌಕಟ್ಟಾಗಿ ನಿಂತಿತ್ತು. ಆ ಪೈಲ್ವಾನರು ಕೂತರೆ ಭೂಮಿ ಆ ಕಡೆಗೆ ತುಸು ವಾಲುತ್ತದೆ ಎಂಬ ಮಾತಿತ್ತು. ಅಂಥವರನ್ನು ಹೊರಬೇಕಾದ ಸ್ಪ್ರಿಂಗುಗಳು ತಳದ ಪಟ್ಟಿಯ ಮೇಲೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿದ್ದವು, ಜಗಳವಾಡಿಕೊಂಡ ಓರಗಿತ್ತಿಯರ ಹಾಗೆ.

ಭಾವಮೈದುನ ಮೇಜಿನ ಬಲತುದಿಯನ್ನು ಖಾಲಿ ಮಾಡಿಟ್ಟಿದ್ದ. ಕತ್ತರಿ ಅಲ್ಲಿತ್ತು. ಗಾದಿರಾಯ ಅದನ್ನು ಎತ್ತಿಕೊಂಡ. ಬೆರಳು ತೂರಿಸಿದ. ಗಾಳಿಯಲ್ಲಿ ಕತ್ತರಿಯ ಬಾಯಿ ತಾನಾಗಿ ಕಟಕಟ ಎಂದಿತು. ಅವನು ಸ್ವಲ್ಪ ಹೊತ್ತು ಆ ಸದ್ದನ್ನು ಕೇಳಿದ. ಆಮೇಲೆ ಕತ್ತರಿಯನ್ನು ತಿರುಗಿಸಿ, ಹಿಡಿ ಮುಂದಾಗಿ, ಭಾವಮೈದುನನ ಕಡೆ ಚಾಚಿದ.

"ನೀನು ಕತ್ತರಿಸು. ನಾನು ಬೈತೀನಿ."

ಭಾವಮೈದುನ ತೆಗೆದುಕೊಂಡ. ಬಟ್ಟೆಯ ಮೇಲೆ ಬಾಗಿದ. ಗೆರೆಯಿಂದ ಒಂದು ನೂಲು ಆಚೆ ಹೋದ ಕೂಡಲೇ ಬೈಗುಳ ಬಿತ್ತು. ಎಂಥ ಬೈಗುಳ! ಬೀದಿಯ ನಾಯಿಗಳು ಎದ್ದು ಬಂದು ಕೂತವು. ಅವನು ಬೈಸಿಕೊಳ್ಳುತ್ತ, ನಗುತ್ತ, ಗೆರೆಗೆ ಮರಳಿದ. ಕತ್ತರಿಸಿ ಮುಗಿದ ಮೇಲೆ ಇಬ್ಬರೂ ಕುರ್ಚಿಯ ಎರಡು ಪಕ್ಕಕ್ಕೆ ಮಂಡಿಯೂರಿದರು. ಗಾದಿರಾಯ ಹುರಿಯನ್ನು ಅಂಗೈಗೆ ಸುತ್ತಿಕೊಂಡು, ಮೊದಲನೆಯ ಸ್ಪ್ರಿಂಗನ್ನು ಒತ್ತಿ, ಬೇಕಾದ ಎತ್ತರಕ್ಕೆ ಇಳಿಸಿ ಎಳೆದು ಹಿಡಿದ. ಕೈ ಕಲ್ಲಿನಂತೆ ನಿಂತಿತು.

"ಹಾಕು."

ಭಾವಮೈದುನನ ಬೆರಳುಗಳು ಹುರಿಯ ಮೇಲೆ ಓಡಿದವು, ಗಂಟು ಬಿತ್ತು. ಸ್ಪ್ರಿಂಗು ನೆಟ್ಟಗೆ ನಿಂತು ಮೇಲಕ್ಕೆ ನೋಡಿತು. ಗಾದಿರಾಯ ಅದನ್ನು ಅಂಗೈಯಿಂದ ಒಮ್ಮೆ ಅದುಮಿ ಬಿಟ್ಟು, ಹುರಿಯನ್ನು ಮುಂದಿನದಕ್ಕೆ ಎಳೆದ.